ಬಳ್ಳಿ ಲಿಪಿಯ ನಡುಕ

ಆ ಮನೆಯ ಹಿಂದಿನ ಕೋಣೆಯ ತುಂಬ ಹಲ್ಲುಗಳು. ಕಪಾಟಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ತೊಳೆದಿಟ್ಟ ಬಟ್ಟಲುಗಳಲ್ಲಿ ಬಾಯಿಲ್ಲದ ಹಲ್ಲುಗಳು ಸಾಲಾಗಿ ಕುಳಿತು ಯಾರ ಹಂಗೂ ಇಲ್ಲದೆ ನಗುತ್ತಿದ್ದವು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುವರು. ಮಾವ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣ ಕರಗಿಸಿ, ಒಂದೊಂದೇ ಹಲ್ಲು ನೆಟ್ಟು, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿ ಕಳಿಸುವರು. ಸ್ಪಿರಿಟ್ ದೀಪದ ಕುಡಿ ಅಲುಗಿದರೂ ಮಾವನ ಕೈ ಅಲುಗದು. ಅಕ್ಕನ ಮಗಳು ಚೂಟಿ 'ಮಾವ' ಎಂದು ಕರೆದದ್ದೇ ಬೀದಿಗೆಲ್ಲ ರೂಢಿಯಾಗಿ, ದಂತವೈದ್ಯರೂ ಫೋನಿನಲ್ಲಿ "ಮಾವ, ಕೆಳಗಿನ ಸೆಟ್ಟು ಆಯ್ತಾ?" ಎಂದೇ ಕೇಳುತ್ತಿದ್ದರು.

ಮಧ್ಯಾಹ್ನದ ಊಟ ಮುಗಿದು ಬೀದಿಯೆಲ್ಲ ಆಕಳಿಸುವ ಹೊತ್ತಿಗೆ ಮಾವ ಎಚ್ಚರವಾಗುತ್ತಿದ್ದರು. ಮೇಜಿನ ಮೇಲಿನ ಪ್ಲಾಸ್ಟರ್ ಪುಡಿಯನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಿಂದ ಅದರ ಮೇಲೆ ಬರೆಯುತ್ತಿದ್ದರು. ಕೈ ಪಳಗಿದ ಮೇಲೆ ಕಾಗದಕ್ಕೆ ಬರುತ್ತಿದ್ದರು. ಬರೆಯುತ್ತಿದ್ದದ್ದು ತಮ್ಮ ಭಾಷೆಯಲ್ಲ. ಯಾವ ಯಾವುದೋ ದೇಶದ ಲಿಪಿ. ಔಷಧದ ಡಬ್ಬಿಯ ಮೇಲಿದ್ದದ್ದು, ಚಹಾದ ತಗಡಿನ ಮೇಲಿದ್ದದ್ದು, ಪಾಲಿಶ್ ಯಂತ್ರದ ಜೊತೆ ಮಡಚಿ ಬಂದ ಕಾಗದದ್ದು. ಅರ್ಥ ಗೊತ್ತಿಲ್ಲ, ಸದ್ದು ಗೊತ್ತಿಲ್ಲ, ಲಿಪಿಯ ಹೆಸರೂ ಗೊತ್ತಿಲ್ಲ. ಹಾಗಾಗಿ ಹೆಸರನ್ನೂ ತಾವೇ ಇಟ್ಟಿದ್ದರು. ಒಂದರ ಮೇಲೊಂದು ಕೂತು ಗೋಡೆ ಕಟ್ಟುವುದು ಇಟ್ಟಿಗೆ ಲಿಪಿ. ಬಲದಿಂದ ಎಡಕ್ಕೆ ಸರಸರ ಓಡುವುದು ಹೊಳೆ ಲಿಪಿ. ಮೇಲಿಂದ ಕೆಳಕ್ಕೆ ಇಳಿಯುವುದು ಏಣಿ ಲಿಪಿ. ಗುಂಡಗೆ ಸುತ್ತಿ, ಸಾಲಿನ ಕೆಳಕ್ಕೆ ಕುಡಿ ಇಳಿಬಿಟ್ಟು, ಪಕ್ಕದವರ ಕಾಲಿಗೆ ತೊಡರಿಕೊಳ್ಳುವುದು ಬಳ್ಳಿ ಲಿಪಿ. ಎಲ್ಲವೂ ಪ್ರೀತಿಯವೇ, ಬಳ್ಳಿ ಲಿಪಿ ಮಾತ್ರ ಪ್ರಾಣ.

"ಅಕ್ಕಾ, ಬಾರೇ ಇಲ್ಲಿ, ಬೇಗ!" ಎಂದು ಮಾವ ಕೂಗಿದರೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಅಕ್ಕ ಸಮವಸ್ತ್ರದ ಅಂಗಿಗಳಿಗೆ ಕಾಜ ಹೊಲಿಯುವವಳು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬಂದು ನಿಲ್ಲುತ್ತಿದ್ದಳು.

"ಈ ಅಕ್ಷರ ನೋಡು. ಸೊಂಟಕ್ಕೆ ಕೈ ಕೊಟ್ಟು ನಿಂತು 'ಏನೀಗ?' ಅಂತ ಕೇಳ್ತಾ ಇಲ್ವಾ?"

"ಹೂಂ, ನನ್ನ ಹಾಗೇ ಇದೆ. ಏನೀಗ? ಇದರ ಅರ್ಥ ಏನೋ?"

"ಗೊತ್ತಿಲ್ಲ."

"ಅರ್ಥ ಗೊತ್ತಿಲ್ದೆ ಬರೀತೀಯಲ್ಲೋ, ನಿನಗೆ ಹುಚ್ಚಾ?"

"ದೊಡ್ಡವರು ಪ್ರಾರ್ಥನೆ ಹೇಳೋವಾಗ ನಾವು ಮೂಲೇಲಿ ಕೂತು ಕೇಳ್ತಿರಲಿಲ್ವಾ ಅಕ್ಕಾ, ಚಿಕ್ಕವರಿದ್ದಾಗ? ಅರ್ಥ ಆಗ್ತಿತ್ತಾ? ಆದ್ರೂ ಕಣ್ಣಲ್ಲಿ ನೀರು ಬರ್ತಿತ್ತು."

"ನನಗೆ ಬರ್ತಿದ್ದದ್ದು ನಿದ್ದೆ," ಎಂದು ಅಕ್ಕ ಸೂಜಿಯ ನಡುವಿನಿಂದಲೇ ಹೇಳಿ ಹಿಂದಿರುಗುತ್ತಿದ್ದಳು. ಆದರೂ ಹೋಗುವ ಮುನ್ನ ಆ ಸೊಂಟದ ಮೇಲೆ ಕೈಯಿಟ್ಟ ಅಕ್ಷರವನ್ನು ಇನ್ನೊಮ್ಮೆ ನೋಡಿಯೇ ಹೋಗುತ್ತಿದ್ದಳು.

ಮನೆಯಲ್ಲಿ ಮಾವನ ಹುಚ್ಚು ಹೀಗೆ ಹರಿಯುತ್ತಿರುವಾಗಲೇ ಚೂಟಿಗೆ ಬೇರೊಂದು ಹುಚ್ಚು ಹಿಡಿಯಿತು.

ಚೂಟಿ ಲಿಫ್ಟ್ ರಿಪೇರಿ ಮಾಡುವವಳು. ಸೊಂಟದಲ್ಲಿ ಸ್ಪ್ಯಾನರ್, ತಲೆಗೆ ಟೋಪಿ, ಬಾಯಲ್ಲಿ ಸಿಳ್ಳೆ. ಒಂದು ದಿನ ಯಾವುದೋ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಮೇಲಿನಿಂದ ಬಾಗಿಲು ಬಿಡಿಸಿ ಇಣುಕಿದರೆ, ಒಳಗೆ ಒಬ್ಬ ಹುಡುಗ ತನಗಿಂತ ಎತ್ತರದ ಗಾಜಿನ ಹಲಗೆಯನ್ನು ತಬ್ಬಿಕೊಂಡು ನಿಂತಿದ್ದ. ಕಿಟಕಿಗೆ ಗಾಜು ಕೂರಿಸುವವನು. ಇಡಲು ಜಾಗವಿಲ್ಲ, ಕೂರಲು ಜಾಗವಿಲ್ಲ, ಮೂಗು ಕೆರೆದುಕೊಳ್ಳಲು ಕೈಯಿಲ್ಲ.

"ತುಂಬ ಹೊತ್ತಾಯ್ತಾ?" ಎಂದಳು ಚೂಟಿ.

"ನಾನು ಇಳಿಯೋದು ಆಮೇಲಾಗ್ಲಿ, ಮೊದಲು ನನ್ನ ಮೂಗು ಸ್ವಲ್ಪ ಕೆರೀತೀರಾ?" ಎಂದ ಅವನು.

ಅವಳು ಬೋರಲು ಮಲಗಿ ಕೈ ಇಳಿಬಿಟ್ಟು ಸ್ಪ್ಯಾನರಿನ ತುದಿಯಿಂದ ಕೆರೆದಳು. ಅಲ್ಲಿಗೆ ಮುಗಿಯಿತು, ಅಥವಾ ಅಲ್ಲಿಂದ ಶುರುವಾಯಿತು. ಲಿಫ್ಟು ಸರಿಯಾಗಲು ಹಿಡಿಯಬೇಕಾದದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು ಎಂದು ಕಟ್ಟಡದವರು ದೂರು ಕೊಟ್ಟರಂತೆ. ಆಮೇಲೆ ಇಬ್ಬರಿಗೂ ನೆಲವೇ ಕಾಲಿಗೆ ತಾಗುತ್ತಿರಲಿಲ್ಲ. ಅವಳು ಬೀದಿಯ ಪ್ರತಿ ಕಿಟಕಿಯ ಗಾಜಿಗೂ ನಕ್ಕಳು. ಅವನು ಮೆಟ್ಟಿಲಿದ್ದ ಕಡೆಯೂ ಲಿಫ್ಟು ಹುಡುಕಿದ.

ಇಬ್ಬರ ನಡುವೆ ಇದ್ದದ್ದು ಒಬ್ಬರೇ: ಗಾಜಿನವನ ಅಜ್ಜಿ.

ಅವನನ್ನು ಎತ್ತಿ ಆಡಿಸಿ, ಬೈದು ಬೆಳೆಸಿದವರು ಅವರೇ. ಬೇರೆ ದೇಶದಿಂದ ಬಂದು ಇಲ್ಲಿಯ ಮಾತನ್ನು ಇಲ್ಲಿಯವರಿಗಿಂತ ಚುರುಕಾಗಿ ಕಲಿತಿದ್ದರು. ಬರೆಯುವುದು ಮಾತ್ರ ತಮ್ಮ ಅಕ್ಷರದಲ್ಲೇ. ಅದು ಮಾವನ ಬಳ್ಳಿ ಲಿಪಿ. ಮೊಮ್ಮಗನಿಗೆ ಅಜ್ಜಿಯ ಭಾಷೆ ಕಿವಿಗೆ ಬರುತ್ತಿತ್ತು, ಬಾಯಿಗೂ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅಕ್ಷರ ಕಲಿಸಲು ಕೂರಿಸಿದಾಗಲೆಲ್ಲ ಅವನಿಗೆ ಬಾಯಾರಿಕೆ, ಹೊಟ್ಟೆನೋವು, ಬಾಗಿಲಲ್ಲಿ ಯಾರೋ ಕರೆದ ಹಾಗೆ. ಅಜ್ಜಿಯೂ ಹಠ ಬಿಟ್ಟವರಲ್ಲ. ಓದಲು ಬಾರದ ಅವನ ಊಟದ ಡಬ್ಬಿಯಲ್ಲಿ ದಿನವೂ ಒಂದು ಚೀಟಿ ಬರೆದಿಡುತ್ತಿದ್ದರು. ಸಂಜೆ ಅವನು ಅದನ್ನು ಹಿಂದಕ್ಕೆ ತಂದು, "ಇದರಲ್ಲಿ ಏನಿದೆ?" ಎಂದು ಕೇಳಬೇಕು, ಅವರು "ಕಲ್ತಿದ್ರೆ ಗೊತ್ತಾಗ್ತಿತ್ತು" ಎನ್ನಬೇಕು. ಅದೇ ಅವರಿಬ್ಬರ ಸಂಧ್ಯಾವಂದನೆ.

ಮದುವೆಯ ಮಾತು ಎತ್ತಿದಾಗ ಅಜ್ಜಿ ಒಂದೇ ಮಾತು ಹೇಳಿದರು. ಗಾಜಿನವನು ಅದನ್ನು ಹಾಗೆಯೇ ತಂದು ಚೂಟಿಗೆ ಒಪ್ಪಿಸಿದ:

"'ನಿನಗೆ ಅಕ್ಷರ ಬರಲ್ಲ. ಬರೋ ಅವಳಿಗೂ ಬರಲ್ಲ. ನಾನು ಕಣ್ಣು ಮುಚ್ಚಿದ ಮಾರನೇ ದಿನ ನಾನು ಹೆಸರು ಬರೆದಿಟ್ಟ ಅಡುಗೆಮನೆ ಡಬ್ಬಿಗಳೆಲ್ಲ ಮೂಕ ಆಗ್ತವೆ. ಆ ಹುಡುಗಿ ಮನೇಲಿ ಒಬ್ಬರಿಗಾದ್ರೂ ನಮ್ಮ ಅಕ್ಷರ ಬರತ್ತೆ ಅಂತಾದ್ರೆ ಮದುವೆ. ಇಲ್ಲಾಂದ್ರೆ ಇಲ್ಲ.' ಹಾಗಂದ್ರು."

ಅವನ ಡಬ್ಬಿಯ ಚೀಟಿಗಳನ್ನು ಕಂಡಿದ್ದ ಚೂಟಿ ಸಿಳ್ಳೆ ಹಾಕಿದಳು. "ಅಷ್ಟೇನಾ? ನಮ್ಮ ಮಾವನಿಗೆ ಬರತ್ತೆ!"

"ನಿಜವಾಗ್ಲೂ?"

"ಮುತ್ತು ಪೋಣಿಸಿದ ಹಾಗೆ ಬರೀತಾನೆ."

"ಓದೋಕೂ ಬರತ್ತಾ?"

"ಬರೆಯೋಕೆ ಬರತ್ತೆ ಅಂತ ಹೇಳ್ದೆನಲ್ಲ. ಒಂದೇ ಸಲಕ್ಕೆ ಎಷ್ಟು ಕೇಳ್ತೀಯ?"

ಮಾವನ ಬರಹ ತೋರಿಸಲು ಒಂದು ಮಾದರಿ ಬೇಕಿತ್ತು. ಗಾಜಿನವನು ಅಂದಿನ ಡಬ್ಬಿಯ ಚೀಟಿಯನ್ನೇ ತಂದುಕೊಟ್ಟ. ಚೂಟಿ ಅದನ್ನು ಹಿಂದಿನ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟಳು. "ಮಾವ, ನಿನ್ನ ಬಳ್ಳಿ ಲಿಪಿ. ಕೈಯಲ್ಲೇ ಬರೆದದ್ದು, ಗಾಜಿನವನ ಅಜ್ಜಿದು. ಇದನ್ನ ಚೆನ್ನಾಗಿ ನಕಲು ಮಾಡಿ ಕೊಡು. ನನ್ನ ಮದುವೆ ಇದರ ಮೇಲೆ ನಿಂತಿದೆ."

ಮಾವ ಮೇಣದ ಚಾಕು ಕೆಳಗಿಟ್ಟರು. ಇಷ್ಟು ವರ್ಷ ಅವರು ಕಂಡದ್ದೆಲ್ಲ ಅಚ್ಚಿನ ಅಕ್ಷರ. ಮನುಷ್ಯರ ಕೈ ಬಳ್ಳಿ ಲಿಪಿಯನ್ನು ಹೇಗೆ ಬರೆಯುತ್ತದೆ ಎಂದು ಕಂಡದ್ದೇ ಇಲ್ಲ. ಈಗ ಕಂಡರು. ಭೂತಗನ್ನಡಿ ಹಿಡಿದು ಕಂಡರು. ಕಂಡು, ಕುರ್ಚಿಯಿಂದ ಎದ್ದರು, ಕೋಣೆಯ ತುಂಬ ಸುತ್ತಿದರು, ಮತ್ತೆ ಕೂತರು.

"ಚೂಟಿ! ಅಚ್ಚಿನಲ್ಲಿ ಇದಿಲ್ಲ ಕಣೇ! ಇಷ್ಟು ದಿನ ನನಗೆ ಮೋಸ ಆಗಿತ್ತು!"

"ಏನಿಲ್ಲ?"

"ನೋಡು, ಒಂದು ಗೆರೆಯೂ ನೆಟ್ಟಗಿಲ್ಲ. ಮೇಲಕ್ಕೆ ಹೋಗೋವಾಗ ಅಲೆ, ಕೆಳಗೆ ಬರೋವಾಗ ಅಲೆ. ಕೆರೆ ಮೇಲೆ ಗಾಳಿ ಬಂದ ಹಾಗೆ. ಅಚ್ಚಿನವರು ಇದನ್ನೆಲ್ಲ ಉಜ್ಜಿ ಬೋಳು ಮಾಡಿಬಿಟ್ಟಿದ್ದಾರೆ. ಎಂಥ ಅನ್ಯಾಯ!"

ಅಂದಿನಿಂದ ಮಾವ ಊಟ ಮರೆತರು. ಸೆಟ್ಟುಗಳು ತಡವಾದವು; ಊರಿನಲ್ಲಿ ಎಷ್ಟೋ ಜನ ಗಂಜಿ ಕುಡಿದರು. ಪ್ಲಾಸ್ಟರ್ ಪುಡಿಯ ಮೇಲೆ ಬೆರಳು ಅಲೆ ಅಲೆಯಾಗಿ ಓಡಿತು. ಅಲುಗದೆ ಇರಲು ಬದುಕಿಡೀ ಕಲಿತ ಕೈಗೆ ಅಲುಗಲು ಕಲಿಯುವುದು ಸುಲಭವಿರಲಿಲ್ಲ. ಅಲೆ ದೊಡ್ಡದಾದರೆ ಹಾವಾಯಿತು, ಚಿಕ್ಕದಾದರೆ ಗರಗಸವಾಯಿತು. ಮಾವ ನಾಲಿಗೆಯ ತುದಿ ಹೊರಗೆ ಹಾಕಿ, ಉಸಿರು ಬಿಗಿಹಿಡಿದು, ಬರೆದರು, ಅಳಿಸಿದರು, ಬರೆದರು. ಕೊನೆಗೊಂದು ಮಧ್ಯಾಹ್ನ ಕಾಗದದ ಮೇಲೆ ಅದು ಇಳಿಯಿತು: ಅದೇ ಕುಡಿ, ಅದೇ ಸುಳಿ, ಒಂದೊಂದು ಗೆರೆಯಲ್ಲೂ ಅದೇ ಸಣ್ಣ ತೆರೆ. ಮಾವನ ಪಾಲಿಗೆ ಮುಗಿಲು ಮೂರೇ ಗೇಣು ಉಳಿದಿತ್ತು. ಅಕ್ಕನನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ ತಂದು ತೋರಿಸಿದರು. ಅಕ್ಕ ಸೂಜಿ ಬಾಯಿಂದ ತೆಗೆದು, "ಚೆನ್ನಾಗಿದೆ ಕಣೋ," ಎಂದಳು. ಅವಳು ಹೊಗಳಲೆಂದು ಸೂಜಿ ತೆಗೆದದ್ದು ಅದೇ ಮೊದಲು.

ಚೂಟಿ ಕಾಗದವನ್ನು ಗಾಜಿನವನಿಗೆ ಕೊಟ್ಟಳು, ಗಾಜಿನವನು ಅಜ್ಜಿಗೆ ಕೊಟ್ಟ.

ಮಾರನೆಯ ಬೆಳಿಗ್ಗೆ ಅವನು ಓಡೋಡಿ ಬಂದ. ಮುಖ ಸುಣ್ಣದಂತಾಗಿತ್ತು. ಹಿಂದಿನ ಕೋಣೆಯಲ್ಲಿ ಪಾಲಿಶ್ ಯಂತ್ರ ಗುರ್ರೆನ್ನುತ್ತಿದ್ದುದರಿಂದ ಮಾವನಿಗೆ ಏನೂ ಕೇಳಿಸಲಿಲ್ಲ. ಮುಂದಿನ ಕೋಣೆಯಲ್ಲಿ ಅಕ್ಕನೂ ಚೂಟಿಯೂ ಕೇಳಿಸಿಕೊಂಡರು.

"ಅಜ್ಜಿ ಕಾಗದ ನೋಡಿದ್ರು. ಕನ್ನಡಕ ತೆಗೆದು ಒರೆಸಿದ್ರು. ಮತ್ತೆ ನೋಡಿದ್ರು. ಆಮೇಲೆ 'ಈ ಮನುಷ್ಯ ನನ್ನನ್ನ ಅಣಕಿಸಿದ್ದಾನೆ' ಅಂದ್ರು."

"ಅಣಕ? ಯಾವ ಅಣಕ?"

"ಅಜ್ಜಿ ಕೈ ನಡುಗತ್ತೆ ಚೂಟಿ. ವಯಸ್ಸಾಯ್ತಲ್ಲ. ಆ ಅಲೆ ಅಕ್ಷರದ್ದಲ್ಲ, ಅಜ್ಜಿ ಕೈದು!"

ಚೂಟಿಗೆ ಲಿಫ್ಟಿನ ಹಗ್ಗ ಕಡಿದಂತಾಯಿತು. "ಅಯ್ಯೋ ಪುಣ್ಯಾತ್ಮ! ಅದನ್ನ ಮೊದಲೇ ಹೇಳೋಕೆ ಏನಾಗಿತ್ತು? ಕಾಗದ ನಿನ್ನ ಕೈಯಿಂದಾನೇ ತಾನೇ ಹೋದದ್ದು?"

"ನನಗೂ ಹೊಳೀಲಿಲ್ವೇ! ಹುಟ್ಟಿದಾಗಿನಿಂದ ಅದನ್ನೇ ನೋಡಿದ್ದೀನಿ. ಅಕ್ಷರವೇ ಹಾಗೆ ಅಂದ್ಕೊಂಡಿದ್ದೆ."

"ಇಬ್ಬರಿಗಿಬ್ಬರೂ ಸರಿಯಾಗಿದ್ದೀರಿ," ಎಂದಳು ಅಕ್ಕ. "ಈಗೇನಂತೆ?"

"ಇವತ್ತು ಮಧ್ಯಾಹ್ನ ಇಲ್ಲಿಗೇ ಬರ್ತಾರಂತೆ. ಮದುವೆ ಇಲ್ಲ ಅನ್ನೋದನ್ನ ಮುಖದ ಮೇಲೇ ಹೇಳಬೇಕಂತೆ."

ಮಾವನಿಗೆ ಹೇಳುವುದೇ ಬೇಡವೇ ಎಂದು ಮೂವರೂ ತಲೆಗೆ ತಲೆ ಕೂಡಿಸಿದರು. ಹೇಳಿದರೆ ಮಾವ ನಾಚಿಕೆಯಿಂದ ಅಟ್ಟ ಹತ್ತಿ ಕೂರುವುದು ಖಂಡಿತ. ಸುಳ್ಳು ಹೇಳಿಸೋಣವೆಂದರೆ ಮಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೂ ಕೊನೆಯಲ್ಲಿ "ಇದು ಸುಳ್ಳು" ಎಂದು ಸೇರಿಸಿಬಿಡುತ್ತಾರೆ.

"ಮೇಜು ಕುಂಟು ಅನ್ನೋಣ," ಎಂದಳು ಅಕ್ಕ. "ಮೇಜು ಅಲ್ಲಾಡ್ತು, ಅಕ್ಷರ ನಡುಗ್ತು. ತಪ್ಪು ಮೇಜಿಂದು."

"ನಮ್ಮ ಮೇಜು ಬಂಡೆ ಥರ ಇದೆಯಲ್ಲಮ್ಮ."

"ನೀನು ಲಿಫ್ಟ್ ಬಿಚ್ಚೋಳಲ್ವೇನೇ? ಒಂದು ಮೇಜು ಬಿಚ್ಚೋಕಾಗಲ್ವಾ?"

ಮಾವ ಕೈ ತೊಳೆಯಲು ಹೋದಾಗ ಚೂಟಿ ಮೇಜಿನಡಿಗೆ ತೂರಿ ಒಂದು ಕಾಲಿನ ತಿರುಪು ಸಡಿಲಿಸಿ ಬಂದಳು. ಮೇಜು ಮೇಕೆಮರಿಯ ಹಾಗೆ ಕುಣಿಯತೊಡಗಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ ಒಳಗೆ ಬಂದರು. ಪುಟ್ಟ ಆಳು, ದೊಡ್ಡ ಕೈಚೀಲ, ಅದಕ್ಕಿಂತ ದೊಡ್ಡ ಮೌನ. ಕುರ್ಚಿ ಕೊಟ್ಟರೆ ಕೂತರು, ನೀರು ಕೊಟ್ಟರೆ ಮುಟ್ಟಲಿಲ್ಲ.

"ಬನ್ನಿ ಅಮ್ಮಾ, ದಾರಿ ಸುಲಭವಾಗಿ ಸಿಕ್ತಾ?" ಎಂದಳು ಅಕ್ಕ.

"ಬೈಯೋಕೆ ಹೊರಟವರಿಗೆ ದಾರಿ ಬೇಗ ಸಿಗತ್ತೆ. ಎಲ್ಲಿ ಆ ಬರಹಗಾರ?"

ಮಾವ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಯಾರೆಂದು ತಿಳಿದದ್ದೇ ತಡ, ಮುಖ ಅರಳಿ ಹೂವಾಯಿತು. ಎದುರಿಗೆ ಮಂಡಿಯೂರಿಯೇ ಕೂತುಬಿಟ್ಟರು.

"ತಾಯಿ, ನೀವೇನಾ? ಇದೇ ಕೈನಾ ಅದನ್ನ ಬರೆದದ್ದು?"

ಅಜ್ಜಿ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟರು. "ಹೌದಪ್ಪಾ, ಇದೇ ಕೈ. ನೋಡಿ ನಗಬೇಕಿತ್ತಾ? ಎಲ್ಲಿ, ನನ್ನೆದುರಿಗೆ ಬರಿ. ನಾನೂ ನೋಡ್ತೀನಿ."

ಚೂಟಿ ಕಣ್ಣು ಮುಚ್ಚಿದಳು. ಗಾಜಿನವನು ಅವಳ ಟೋಪಿಯನ್ನು ಹಿಂಡುತ್ತಿದ್ದ. ಎಲ್ಲರೂ ಹಿಂದಿನ ಕೋಣೆಗೆ ನಡೆದರು. ಮಾವ ಕಾಗದ ಹಾಸಿ ಲೇಖನಿ ಊರಿದರು. ಮೇಜು ಢಣ್ ಎಂದು ವಾಲಿತು.

"ಈ ಮೇಜು ಯಾವಾಗ್ಲೂ ಹೀಗೇ!" ಎಂದು ಅಕ್ಕ ಗಟ್ಟಿಯಾಗಿ ಗಾಳಿಗೆ ಹೇಳಿದಳು. "ಇದರ ಮೇಲೆ ಬರೆದ್ರೆ ಯಾರ ಅಕ್ಷರವಾದ್ರೂ..."

"ಯಾವಾಗ್ಲೂ ಎಲ್ಲಿ ಅಕ್ಕಾ, ಬೆಳಿಗ್ಗೆ ಸರಿಯಾಗಿತ್ತು," ಎಂದು ಮಾವ ಒಂದು ಹಳೆಯ ಪ್ಲಾಸ್ಟರ್ ದವಡೆಯನ್ನು ಕಾಲಿನಡಿ ತುರುಕಿದರು. ಮೇಜು ಮತ್ತೆ ಬಂಡೆಯಾಯಿತು. ಅಕ್ಕ ಇಂಗು ತಿಂದ ಮಂಗನಂತೆ ಚೂಟಿಯ ಮುಖ ನೋಡಿದಳು.

ಮಾವ ಬರೆಯತೊಡಗಿದರು. ಅಜ್ಜಿ ಕತ್ತು ಚಾಚಿ ನೋಡಿದರು. ನೋಡುತ್ತ ಅವರ ಹುಬ್ಬು ಮೇಲೇರಿತು.

"ಅಯ್ಯಯ್ಯೋ! ಅಕ್ಷರನ ಬಾಲದಿಂದ ಶುರು ಮಾಡ್ತೀಯಲ್ಲೋ! ಕೆಳಗಿಂದ ಮೇಲಕ್ಕೆ!"

"ಹಲ್ಲು ಬೇರಿಂದ ತಾನೇ ಮೇಲಕ್ಕೆ ಬರೋದು ತಾಯಿ," ಎಂದರು ಮಾವ, ಕಣ್ಣು ಎತ್ತದೆ.

"ಯಾರು ಕಲಿಸಿದ್ದು ನಿನಗೆ?"

"ಚಹಾದ ತಗಡು."

ಅಜ್ಜಿ ಇನ್ನೂ ಹತ್ತಿರಕ್ಕೆ ಬಗ್ಗಿದರು. ಮಾವನ ನಾಲಿಗೆಯ ತುದಿ ಹೊರಗೆ ಬಂದಿತ್ತು, ಉಸಿರು ಬಿಗಿಯಾಗಿತ್ತು. ಲೇಖನಿ ಮೇಲಕ್ಕೆ ಏರುತ್ತ ತೆರೆ ತೆರೆಯಾಗಿ ಅಲುಗುತ್ತಿತ್ತು. ಕೂಸಿಗೆ ಕಾಡಿಗೆ ಹಚ್ಚುವವರ ಮುಖದಲ್ಲಿ ಇರುವಂಥ ಎಚ್ಚರ ಆ ಮುಖದಲ್ಲಿ. ಅಣಕಿಸುವವರ ಮುಖ ಹೀಗಿರುವುದಿಲ್ಲ ಎಂಬುದು ಅಜ್ಜಿಗೆ ತಿಳಿಯದ್ದೇನಲ್ಲ.

"ಅದನ್ಯಾಕೆ ಹಾಗೆ ನಡುಗಿಸ್ತೀಯ?" ಎಂದರು. ದನಿ ಈಗ ಅರ್ಧ ಇಳಿದಿತ್ತು.

"ಅದೇ ಅಲ್ವಾ ತಾಯಿ ಇದರ ಜೀವ!" ಮಾವ ಲೇಖನಿ ಬಿಟ್ಟು ತಿರುಗಿದರು. ಕಣ್ಣು ಮಿನುಗುತ್ತಿತ್ತು. "ಅಚ್ಚಿನ ಅಕ್ಷರ ಸತ್ತು ಬಿದ್ದಿರತ್ತೆ. ನಿಮ್ಮದು ಉಸಿರಾಡತ್ತೆ! ಇದೊಂದು ಅಲೆ ತರೋಕೆ ನನ್ನ ಪ್ರಾಣ ಬಾಯಿಗೆ ಬಂತು. ನೀವು ಇಷ್ಟು ಸಲೀಸಾಗಿ ಹೇಗೆ ತರ್ತೀರಿ? ಯಾವ ಗುರುಗಳ ಹತ್ರ ಕಲಿತ್ರಿ ಹೇಳಿ, ನಾನೂ ಹೋಗಿ ಕಾಲು ಹಿಡೀತೀನಿ."

ಕೋಣೆಯಲ್ಲಿ ಹಲ್ಲುಗಳ ಹೊರತು ಯಾರೂ ನಗುತ್ತಿರಲಿಲ್ಲ.

ಅಜ್ಜಿ ಸೆರಗಿನೊಳಗಿನ ಬಲಗೈಯನ್ನು ಹೊರಗೆ ತೆಗೆದು ಮಾವನ ಮೂಗಿನ ಮುಂದೆ ಹಿಡಿದರು. ಅದು ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು.

"ಈ ಗುರುಗಳ ಹತ್ರ," ಎಂದರು.

ಮಾವ ಕೈಯನ್ನು ನೋಡಿದರು. ಕಾಗದವನ್ನು ನೋಡಿದರು. ಮತ್ತೆ ಕೈಯನ್ನು ನೋಡಿದರು. ಕುತ್ತಿಗೆಯಿಂದ ಹೊರಟ ಕೆಂಪು ಕಿವಿ ದಾಟಿ ಬೋಳುತಲೆಯನ್ನೆಲ್ಲ ಹಬ್ಬಿತು. ಎರಡೂ ಕೈ ಜೋಡಿಸಿದರು. "ನನಗೆ ಗೊತ್ತಿರಲಿಲ್ಲ ತಾಯಿ. ಅಕ್ಷರವೇ ಹಾಗೆ ಅಂದ್ಕೊಂಡೆ. ದೇವರಾಣೆ, ಅದಕ್ಕೇ ಮನಸೋತದ್ದು."

"ಅಂದ್ರೆ ನಿನಗೆ ಓದೋಕೆ?"

"ಒಂದಕ್ಷರಾನೂ ಬರಲ್ಲ."

"ಮಾವಾ!" ಎಂದು ಚೂಟಿ ನರಳಿದಳು.

"ಹಾಗಾದ್ರೆ ನೀನು ಬರೆದಿದ್ದೀಯಲ್ಲ, ಅದೇನು ಅಂತಾದ್ರೂ ಗೊತ್ತಾ?"

"ನಿಮ್ಮ ಚೀಟೀನ ಗೋಡೆಗೆ ಅಂಟಿಸಿ ದಿನಾ ಬೆಳಿಗ್ಗೆ ಕೈಮುಗೀತಿದ್ದೆ. ಏನೋ ಪ್ರಾರ್ಥನೆ ಇರಬೇಕು ಅಂತ."

ಅಜ್ಜಿ ಗೋಡೆಯ ಕಡೆ ತಿರುಗಿ, ಕನ್ನಡಕ ಏರಿಸಿ, ತಮ್ಮದೇ ಚೀಟಿಯನ್ನು ಗಂಭೀರವಾಗಿ ಓದಿದರು: "'ನಿನ್ನ ಕಾಲುಚೀಲ ನೀನೇ ಒಗೆದುಕೋ. ಮನೆಯೆಲ್ಲ ನಾರುತ್ತಿದೆ.'"

ಮೊದಲು ನಕ್ಕವಳು ಅಕ್ಕ. ಹಿಂದೆಯೇ ಗಾಜಿನವನು ಮುಖ ಮುಚ್ಚಿಕೊಂಡ. ಚೂಟಿ ಗೋಡೆಗೊರಗಿ ಜಾರಿ ನೆಲಕ್ಕೆ ಕೂತಳು. ಅಜ್ಜಿಯ ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಕೊನೆಗೆ ಎಂಥ ನಗು ಉಕ್ಕಿತೆಂದರೆ ಅವರ ಮೇಲಿನ ಸೆಟ್ಟು ಕಳಚಿ ತುಟಿಯ ಮೇಲೆ ಬಂದು ನಿಂತಿತು. ಮಾವ ಅಳುವ ಮುಖದಲ್ಲೂ ಥಟ್ಟನೆ ಅಂದರು: "ಅಂಗುಳಿಗೆ ಕೂತಿಲ್ಲ ಅದು. ಯಾವ ದರಿದ್ರದವನು ಮಾಡಿದ್ದು?"

"ಸುಮ್ನಿರಪ್ಪಾ, ಸಾಯಿಸಬೇಡ!" ಎಂದು ಅಜ್ಜಿ ಸೆಟ್ಟನ್ನು ಒಳಕ್ಕೆ ಒತ್ತಿ ಕಣ್ಣೊರೆಸಿಕೊಂಡರು.

ನಗು ಇಳಿಯಿತು. ಇಳಿದ ಮೇಲೆ ಎಲ್ಲರಿಗೂ ನೆನಪಾಯಿತು: ಕರಾರು ಕರಾರಾಗಿಯೇ ಇದೆ. ಈ ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇಲ್ಲ. ಚೂಟಿ ನೆಲದಿಂದ ಎದ್ದು ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ಬರತ್ತೆ ಅಂತ ಜಂಬ ಕೊಚ್ಚಿದ್ದು ನಾನು. ಮೇಜು ಬಿಚ್ಚಿದ್ದೂ ನಾನೇ."

"ಮೇಜನ್ನೂ ಬಿಚ್ಚಿದ್ಯಾ?"

"ಹೂಂ. ಬೇಕಾದ್ರೆ ನನ್ನ ಬೈರಿ. ಆದ್ರೆ ಇವನನ್ನ ಬಿಡು ಅಂದ್ರೆ ಬಿಡಲ್ಲ. ಅಕ್ಷರ ತಾನೇ? ಕಲೀತೀನಿ. ಕಲಿಯೋ ತನಕ ನಿಮ್ಮ ಮನೆ ಬಾಗಿಲಲ್ಲೇ ನಿಂತಿರ್ತೀನಿ. ಗಂಟೆ ಒತ್ತುತಾನೇ ಇರ್ತೀನಿ. ನಮ್ಮ ಲಿಫ್ಟಿನ ಗಂಟೆಗಳಿಗೆ ಹೋಲಿಸಿದ್ರೆ ನಿಮ್ಮದು ಏನೂ ಅಲ್ಲ."

ಅಜ್ಜಿ ಅವಳನ್ನು ತಲೆಯಿಂದ ಬೂಟಿನವರೆಗೆ ಅಳೆದರು. ಮಾವನ ಲೇಖನಿ ಎತ್ತಿಕೊಂಡು, ಒಂದು ಹೊಸ ಕಾಗದದ ಮೇಲೆ ಎರಡು ಸಾಲು ಬರೆದು, ಕೆಳಗೊಂದು ಪುಟ್ಟ ಪದ ಸೇರಿಸಿ, ಮೇಜಿನ ನಡುವೆ ಇಟ್ಟರು.

"ಮದುವೆ ಆಗಬೇಕೋ ಬೇಡವೋ, ಉತ್ತರ ಬರೆದಿದ್ದೀನಿ. ಬಾಯಲ್ಲಿ ಹೇಳಲ್ಲ. ಓದ್ಕೊಳ್ಳಿ. ಯಾವ ಅಕ್ಷರಕ್ಕೆ ಯಾವ ಸದ್ದು ಅಂತ ಕೇಳಿದ್ರೆ ಒಂದು ಸಲ ಹೇಳ್ತೀನಿ. ಒಂದೇ ಸಲ. ಎಲ್ಲಿ, ನನಗೆ ಚಹಾ."

ಅಕ್ಕ ಚಹಾಕ್ಕೆ ಓಡಿದಳು. ನೀರು ಕುದಿಯಲು ಇಟ್ಟು, ಕುದಿಯುವುದನ್ನು ನೋಡದೆ ಹಿಂದಕ್ಕೆ ಓಡಿ ಬಂದಳು. ಮೂವರ ತಲೆ ಕಾಗದದ ಮೇಲೆ ಬಾಗಿತ್ತು.

ಗಾಜಿನವನು ಬೆವರಿದ. "ನನಗೆ ಎಲ್ಲಾ ಒಂದೇ ಥರ ಕಾಣತ್ತೆ."

"ಒಂದೇ ಥರ ಎಲ್ಲಿದೆ?" ಮಾವ ಚೇತರಿಸಿಕೊಂಡಿದ್ದರು. ಬಳ್ಳಿ ಲಿಪಿ ಕಣ್ಣಿಗೆ ಬಿದ್ದಮೇಲೆ ಅವರಿಗೆ ನಾಚಿಕೆಯೂ ನೆನಪಿರದು. "ಇದು ಕೊಡೆ ಹಿಡಿದವನು. ಇದು ಕಾಲು ಮಡಚಿ ಕೂತವಳು, ಅಲ್ಲೂ ಇದ್ದಾಳೆ, ಇಲ್ಲೂ ಇದ್ದಾಳೆ. ಇದು ಕೊಕ್ಕೆ. ತಾಯಿ, ಕೊಡೆಯವನು ಏನಂತಾನೆ?"

ಅಜ್ಜಿ ಸದ್ದು ಹೇಳಿದರು. ಚೂಟಿ ಅದನ್ನು ತಿರುಪಿನ ಅಳತೆ ನೆನಪಿಡುವಂತೆ ಗಟ್ಟಿಯಾಗಿ ಹೇಳಿಕೊಂಡು ನೆನಪಿಟ್ಟಳು. ಮಾವ ಆಕಾರ ಹಿಡಿದರು, ಚೂಟಿ ಸದ್ದು ಹಿಡಿದಳು, ಸದ್ದಿಗೆ ಸದ್ದು ಕೂಡಿಸಿ ಅವಳು ತೊದಲುವುದನ್ನು ಗಾಜಿನವನು ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದ. ಕುಂಟ ಕುರುಡ ಸೇರಿ ಸಂತೆಗೆ ಹೊರಟ ಹಾಗೆ ಮೂವರೂ ಮೊದಲ ಪದದ ಸುತ್ತ ತಡವರಿಸಿದರು. ಎಲ್ಲೋ ಒಂದೆಡೆ ಗಾಜಿನವನ ಕಣ್ಣು ಫಕ್ಕನೆ ತೆರೆಯಿತು.

"'ಹುಡುಗಿ'! ಅಜ್ಜಿ, ಅದು 'ಹುಡುಗಿ' ಅಲ್ವಾ?"

ಅಜ್ಜಿ ಚಹಾ ಎಲ್ಲಿ ಎಂಬಂತೆ ಬಾಗಿಲ ಕಡೆ ನೋಡಿದರು.

ಎರಡನೆಯ ಪದ ಉದ್ದವಿತ್ತು. ಚೂಟಿ ಎರಡು ಸಲ ಬಿದ್ದಳು, ಎದ್ದಳು. ಗಾಜಿನವನ ಮುಖ ಸಪ್ಪಗಾಯಿತು. "'ಹಠಮಾರಿ'," ಎಂದ ಮೆಲ್ಲಗೆ. "'ಹುಡುಗಿ ಹಠಮಾರಿ.'"

"ಮುಗೀತು," ಎಂದಳು ಅಕ್ಕ. "ಮೇಜು ಬಿಚ್ಚಿದ್ದು ಹೇಳಬಾರದಿತ್ತು."

"ತಾಳಮ್ಮ! ಸಾಲು ಇನ್ನೂ ಇದೆ!" ಚೂಟಿ ಮುಂದಿನ ಅಕ್ಷರದ ಮೇಲೆ ಬೆರಳೊತ್ತಿದಳು. "ಮಾವ, ಇದ್ಯಾರು?"

"ಕೊಡೆಯವನೇ, ಕೊಡೆ ಮಡಚಿದ್ದಾನೆ ಅಷ್ಟೇ. ಮುಂದಿನದು ಕೊಕ್ಕೆ."

ಸದ್ದುಗಳು ಒಂದೊಂದಾಗಿ ಕೈ ಹಿಡಿದುಕೊಂಡವು. ಗಾಜಿನವನು ಕೇಳಿದ, ತುಟಿಯಲ್ಲೇ ಒಮ್ಮೆ ಹೇಳಿಕೊಂಡ, ಅಜ್ಜಿಯ ಮುಖ ನೋಡಿದ. "'ನನ್ನ ಹಾಗೇನೇ,'" ಎಂದ. "'ಹುಡುಗಿ ಹಠಮಾರಿ, ನನ್ನ ಹಾಗೇನೇ.'"

ಎರಡನೆಯ ಸಾಲಿನ ಹೊತ್ತಿಗೆ ಅವರಿಗೆ ಓಟ ಬಂದಿತ್ತು. ಮಾವ ಆಕಾರಗಳನ್ನು ಕೂಗಿದರು: "ಕಾಲು ಮಡಚಿದವಳು! ಸುಳಿ! ಕೊಕ್ಕೆ! ಮತ್ತೆ ಸುಳಿ!" ಚೂಟಿ ಸದ್ದುಗಳನ್ನು ಕೂಗಿದಳು. ಪದ ಪೂರ್ತಿಯಾಗುವ ಮೊದಲೇ ಗಾಜಿನವನು ಎದ್ದು ನಿಂತು, ಕುರ್ಚಿ ಬೀಳಿಸಿ, ಕೂಗಿದ:

"'ಮನೆ ತುಂಬಿಸಿಕೋ'! 'ಬೇಗ ಮನೆ ತುಂಬಿಸಿಕೋ' ಅಂತಿದೆ! ಚೂಟಿ, ಬೇಗ ಅಂತಾನೂ ಇದೆ!"

ಆಮೇಲೆ ಯಾರು ಏನು ಮಾಡಿದರೆಂದು ಹೇಳುವುದು ಕಷ್ಟ. ಚೂಟಿ ಗಾಜಿನವನನ್ನು ಎತ್ತಿದಳೋ, ಅವನು ಅವಳನ್ನು ಎತ್ತಿದನೋ, ಇಬ್ಬರೂ ಸೇರಿ ಅಕ್ಕನನ್ನು ಎತ್ತಿದ್ದಂತೂ ನಿಜ. ಕಪಾಟು ಅದುರಿ ಹಲ್ಲುಗಳೆಲ್ಲ ಕಟಕಟ ಕಡಿದವು. ಪ್ಲಾಸ್ಟರ್ ಪುಡಿ ಮೋಡವಾಗಿ ಎದ್ದು ಎಲ್ಲರ ತಲೆಯೂ ನೆರೆಯಿತು. ಅಡುಗೆಮನೆಯಲ್ಲಿ ಚಹಾದ ನೀರು ಆವಿಯಾಗಿ ಪಾತ್ರೆ ಸೀಯತೊಡಗಿತು. "ಇಳಿಸ್ರೋ! ಪಾತ್ರೆ! ಪಾತ್ರೆ!" ಎಂದು ಅಕ್ಕ ಗಾಳಿಯಲ್ಲೇ ಕಾಲು ಬಡಿಯುತ್ತ ನಗುತ್ತ ಕೂಗಿದಳು.

"ಇನ್ನೊಂದು ಪದ ಇದೆ!" ಅಜ್ಜಿ ಮೇಜು ಗುದ್ದಿದರು. "ಕೆಳಗೆ! ಓದಿ ಮುಗಿಸ್ರೋ ಪೆದ್ದರಾ!"

ಕೇಳುವವರು ಯಾರು? ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಅಡುಗೆಮನೆಗೆ ನುಗ್ಗಿದ್ದರು. ಉಳಿದವರು ಮಾವ ಒಬ್ಬರೇ. ಬಿಳಿಯ ಪುಡಿ ಹೊತ್ತ ಬೋಳುತಲೆಯನ್ನು ಕಾಗದಕ್ಕೆ ಬಗ್ಗಿಸಿ, ಆ ಪುಟ್ಟ ಪದದ ಮೇಲೆ ಬೆರಳಿಟ್ಟಿದ್ದರು. ಮೊದಲನೆಯದು ಕಾಲು ಮಡಚಿ ಕೂತವಳು. ಅವಳು ಏನನ್ನುತ್ತಾಳೆ ಎಂದು ಈಗ ಅವರಿಗೆ ಗೊತ್ತಿತ್ತು. ಎರಡನೆಯದು ಸುಳಿ. ಅದೂ ಗೊತ್ತಿತ್ತು. ಇಷ್ಟು ಕಾಲ ಕಣ್ಣಿಗೆ ಮಾತ್ರ ಹಬ್ಬಿದ್ದ ಬಳ್ಳಿ ನಾಲಿಗೆಯ ಮೇಲೆ ಹಬ್ಬುತ್ತಿತ್ತು. ತುಟಿ ಕೂಡಿಸಿದರು, ಬಿಡಿಸಿದರು, ಮತ್ತೆ ಕೂಡಿಸಿದರು.

ಮೆಲ್ಲಗೆ, ಯಾರ ಸಹಾಯವೂ ಇಲ್ಲದೆ, ಮಾವ ಅದನ್ನು ಓದಿದರು. ಗಾಜಿನವನು ಹಾಲುಹಲ್ಲು ಬಂದಾಗಿನಿಂದ ಅಜ್ಜಿಯನ್ನು ಕರೆಯುತ್ತ ಬಂದ ಪದ ಅದು. ಮಾವನಿಗೆ ಅದರ ಅರ್ಥ ತಿಳಿಯದು.

"ಓ!" ಎಂದು ಅಜ್ಜಿ ಓಗೊಟ್ಟರು.